ಇಬ್ಬರಲ್ಲಿ ಯಾರಿಗೆ ಗೊತ್ತು? ಟೈಮ್ ಟ್ರಾವೆಲ್ ಲವ್ ಕಾಮಿಡಿಗಳ ಹೋಲಿಕೆ

ಟೈಮ್ ಟ್ರಾವೆಲ್ ಮಿಷನ್ ಹೇಗೆ ಕೆಲಸ ಮಾಡುತ್ತದೆ ಅಂತ ತಲೆ ಕೆಡಿಸಿಕೊಳ್ಳುವವರು ಲವ್ ಕಾಮಿಡಿಗಳ ತಂಟೆಗೆ ಹೋಗಬಾರದು. ಇಲ್ಲಿ ಮಿಷನ್ ಇರುವುದೇ ಕಡಿಮೆ. ಒಂದರಲ್ಲಿ ಕತ್ತಲೆ ಕಪಾಟಿನೊಳಗೆ ನಿಂತು ಮುಷ್ಟಿ ಬಿಗಿ ಹಿಡಿದರೆ ಸಾಕು. ಇನ್ನೊಂದರಲ್ಲಿ ದೇವರೇ ಟಿಕೆಟ್ ಕೊಡುತ್ತಾನೆ. ಮತ್ತೊಂದರಲ್ಲಿ ಕಾರಣವೇ ಇಲ್ಲ, ಬೆಳಿಗ್ಗೆ ಎದ್ದರೆ ನಿನ್ನೆಯೇ ಪುನಃ ಬಂದಿರುತ್ತದೆ. ನಾನು ಕೇಳುವ ಪ್ರಶ್ನೆ ಬೇರೆ. ಹುಡುಗ, ಹುಡುಗಿ, ಇಬ್ಬರಲ್ಲಿ ಯಾರಿಗೆ ಗೊತ್ತು? ಗೊತ್ತಿರುವವರು ಗೊತ್ತಿಲ್ಲದವರಿಗೆ ಯಾವಾಗ ಹೇಳುತ್ತಾರೆ? ಹೇಳದೆ ಗೆದ್ದರೆ ಅದು ಕಾಪಿ ಹೊಡೆದು ಪಾಸಾದ ಹಾಗೆ, ಅಲ್ವಾ?

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಈ ಆಟಿ ತಿಂಗಳಲ್ಲಿ ಮಳೆ ಬಿಡಲೇ ಇಲ್ಲ, ಅಡಿಕೆಗೆ ಮದ್ದು ಬಿಡುವ ಕೆಲಸವೂ ನಿಂತಿತ್ತು. ಕನ್ನಡ ಸಿನಿಮಾ ಟಾಕೀಸಿನಲ್ಲಿ ನೋಡಬೇಕಾದರೆ ನಾವು ಹೆಚ್ಚಾಗಿ ಮಂಗಳೂರಿಗೇ ಹೋಗಬೇಕು, ಹಾಗಾಗಿ ಮನೆಯ ಟಿವಿಯೇ ಗತಿ. ಕೂತು ನೋಡಿದವರು ನಾನು, ಹೆಂಡತಿ, ರಜೆಗೆ ಬಂದ ಅವಳ ತಮ್ಮ, ಅಂದರೆ ನನ್ನ ಭಾವ. ಇಂಗ್ಲಿಷ್ ಬಾರದಿದ್ದರೂ ಕಥೆ ಕೇಳಿಕೊಂಡು ತೀರ್ಪು ಕೊಡುವ ದೊಡ್ಡಮ್ಮ ಮೂಲೆಯ ಕುರ್ಚಿಯಲ್ಲಿ.

ಮೊದಲು 'ಗ್ರೌಂಡ್‌ಹಾಗ್ ಡೇ'. ಹೆರಾಲ್ಡ್ ರಾಮಿಸ್ ನಿರ್ದೇಶನದ 1993ರ ಸಿನಿಮಾ. ಇದನ್ನು ಬಿಟ್ಟು ಈ ವಿಷಯ ಮಾತಾಡಲು ಆಗುವುದಿಲ್ಲ. ಬಿಲ್ ಮರ್ರಿ ಇಲ್ಲಿ ಟಿವಿಯಲ್ಲಿ ಹವಾಮಾನ ಹೇಳುವ ಫಿಲ್, ಮಹಾ ಅಹಂಕಾರಿ. ಪೆನ್ಸಿಲ್ವೇನಿಯಾದ ಪಂಕ್ಸ್‌ಸಟಾನಿ ಎಂಬ ಸಣ್ಣ ಊರಿಗೆ ಫೆಬ್ರವರಿ 2ರ ಹಬ್ಬದ ವರದಿಗೆ ಹೋಗುತ್ತಾನೆ. ಆ ದಿನ ಗ್ರೌಂಡ್‌ಹಾಗ್ ಎಂಬ ಪ್ರಾಣಿ ಬಿಲದಿಂದ ಹೊರಬಂದು ತನ್ನ ನೆರಳು ನೋಡಿದರೆ ಚಳಿ ಇನ್ನೂ ಆರು ವಾರ ಅಂತ ಅಲ್ಲಿಯವರ ನಂಬಿಕೆ. ಮಲಗಿ ಎದ್ದರೆ ಪುನಃ ಫೆಬ್ರವರಿ 2. ಬೆಳಿಗ್ಗೆ 6ಕ್ಕೆ ರೇಡಿಯೋದಲ್ಲಿ ಅದೇ ಹಾಡು. ಬೀದಿಯಲ್ಲಿ ಅದೇ ಇನ್ಶೂರೆನ್ಸ್ ಏಜೆಂಟ್ ನೆಡ್. ಅವನಿಂದ ತಪ್ಪಿಸಿಕೊಂಡು ಕಾಲಿಟ್ಟಲ್ಲಿ ಅದೇ ತಣ್ಣೀರಿನ ಗುಂಡಿ. ಪಾಲಿಸಿ ಮಾಡಿಸುವ ನೆಂಟರಿರುವ ಯಾರಿಗೂ ನೆಡ್ ಹೊಸಬನಲ್ಲ.

ಈ ಸಿನಿಮಾದ ಜೀವ ಇರುವುದು ಬಾರ್‌ನ ದೃಶ್ಯದಲ್ಲಿ. ಫಿಲ್ ತನ್ನ ಪ್ರೊಡ್ಯೂಸರ್ ರೀಟಾಳಿಗೆ ಏನು ಕುಡಿಯುತ್ತೀ ಅಂತ ಕೇಳುತ್ತಾನೆ. ಅವಳು ಐಸ್ ಹಾಕಿದ ಸ್ವೀಟ್ ವರ್ಮೂತ್ ಹೇಳುತ್ತಾಳೆ. ಮರುದಿನ, ಅಂದರೆ ಅದೇ ದಿನ, ಅವಳು ಬಾಯಿ ತೆರೆಯುವ ಮೊದಲೇ ಅವನು ತನಗೆ ಅಂತ ಅದನ್ನೇ ಆರ್ಡರ್ ಮಾಡುತ್ತಾನೆ. ಅವಳಿಗೆ ಆಶ್ಚರ್ಯ, ನನ್ನದೂ ಅದೇ ಅಂತ. ಗ್ಲಾಸ್ ಎತ್ತಿ ಗ್ರೌಂಡ್‌ಹಾಗ್ ಹೆಸರಲ್ಲಿ ಕುಡಿಯೋಣ ಅಂದರೆ ಅವಳ ಮುಖ ಸಪ್ಪೆ. ಅವಳು ವಿಶ್ವಶಾಂತಿಗೆ ಅಂತ ಕುಡಿಯುವವಳು. ಮರುಸಲ ಫಿಲ್ ಗಂಭೀರ ಮುಖ ಮಾಡಿ ವಿಶ್ವಶಾಂತಿಗೆ ಅಂತ ಗ್ಲಾಸ್ ಎತ್ತುತ್ತಾನೆ. ಕಾಲೇಜಿನಲ್ಲಿ ಫ್ರೆಂಚ್ ಕಾವ್ಯ ಓದಿದೆ ಅಂದಾಗ ಮೊದಲು ನಕ್ಕವನು ಆಮೇಲೆ ಫ್ರೆಂಚಿನಲ್ಲಿ ಸಾಲು ಸಾಲು ಹೇಳುತ್ತಾನೆ. ಎಲ್ಲಾ ಸರಿಯಾಗಿಯೇ ನಡೆಯುತ್ತದೆ. ರಾತ್ರಿ ಕೆನ್ನೆಗೆ ಒಂದು ಬೀಳುತ್ತದೆ. ಮರುರಾತ್ರಿ ಇನ್ನೊಂದು. ಆಮೇಲೆ ಬರೀ ಪೆಟ್ಟುಗಳನ್ನೇ ಒಂದರ ಹಿಂದೆ ಒಂದು ಜೋಡಿಸಿದ್ದಾರೆ.

ಎಷ್ಟು ಉತ್ತರ ಉರು ಹೊಡೆದರೂ ಅವಳಿಗೆ ಎಲ್ಲೋ ವಾಸನೆ ಬರುತ್ತದೆ. ಸಿನಿಮಾ ಬರೆದವರಿಗೆ ಈ ಮೋಸ ಗೊತ್ತು, ಅದನ್ನೇ ಕಾಮಿಡಿ ಮಾಡಿದ್ದಾರೆ. ಫಿಲ್ ಸೋತು, ಸಾಯಲು ಹೋಗಿ, ಸತ್ತರೂ ಪುನಃ ಬೆಳಿಗ್ಗೆ 6ಕ್ಕೇ ಎದ್ದು, ಕೊನೆಗೆ ರೀಟಾಳನ್ನು ಹೋಟೆಲಿನಲ್ಲಿ ಕೂರಿಸಿ ನಿಜ ಹೇಳುತ್ತಾನೆ. ಅವಳು ಆ ಒಂದು ದಿನ ಅವನ ಜೊತೆ ಉಳಿಯುತ್ತಾಳೆ. ಕಥೆ ತಿರುಗುವುದು ಅಲ್ಲಿ. ಆಮೇಲೆ ಅವನು ಪಿಯಾನೋ ಕಲಿಯುವುದು, ಮರದಿಂದ ಬೀಳುವ ಹುಡುಗನನ್ನು ದಿನಾ ಹಿಡಿಯುವುದು, ಇವೆಲ್ಲ ಅವಳನ್ನು ಬೀಳಿಸಲು ಅಲ್ಲ. ಆ ಹುಡುಗ ಒಂದು ದಿನವೂ ಥ್ಯಾಂಕ್ಸ್ ಹೇಳುವುದಿಲ್ಲ, ಅದೇ ನನಗೆ ಇಷ್ಟ. ಕೊನೆಯ ರಾತ್ರಿ ಗಂಡಸರ ಹರಾಜಿನಲ್ಲಿ ರೀಟಾ ತನ್ನ ಬ್ಯಾಂಕಿನಲ್ಲಿದ್ದ ಅಷ್ಟೂ ದುಡ್ಡು, 339 ಡಾಲರ್ 88 ಸೆಂಟ್, ಅವನ ಮೇಲೆ ಕೂಗುತ್ತಾಳೆ. ಮಂಡಿಯಲ್ಲಿ ಅಡಿಕೆಗೆ ರೇಟು ಕೂಗುವುದನ್ನು ನೋಡಿದ ಭಾವನಿಗೆ ಆ 88 ಸೆಂಟ್ ತುಂಬಾ ಹಿಡಿಸಿತು.

ನನ್ನ ತಕರಾರು ಒಂದು ಉಳಿದಿದೆ. ಅವನಿಗೆ ಅವಳ ಬಗ್ಗೆ ವರ್ಷಗಟ್ಟಲೆ ಗೊತ್ತು, ಅವಳಿಗೆ ಅವನ ಬಗ್ಗೆ ಗೊತ್ತಿರುವುದು ಒಂದು ದಿನದ್ದು. ಈ ಲೂಪ್, ಅಂದರೆ ಒಂದೇ ದಿನದ ಸುತ್ತು, ಎಷ್ಟು ಕಾಲದ್ದು ಅಂತ ಸಿನಿಮಾ ಹೇಳುವುದಿಲ್ಲ. ರಾಮಿಸ್ ಒಮ್ಮೆ 10 ವರ್ಷ ಅಂದಿದ್ದರು, ಆಮೇಲೆ 30, 40 ವರ್ಷ ಇರಬೇಕು ಅಂದರು. ಮರುದಿನ ಬೆಳಿಗ್ಗೆ ಅವರಿಬ್ಬರು ಎಂತ ಮಾತಾಡಿಕೊಳ್ಳುತ್ತಾರೆ ಅಂತ ನನಗೆ ಇನ್ನೂ ಕುತೂಹಲ.

ಇದರ ಎದುರು 'ಅಬೌಟ್ ಟೈಮ್' ಇಟ್ಟರೆ ವ್ಯತ್ಯಾಸ ಕಾಣುತ್ತದೆ. ರಿಚರ್ಡ್ ಕರ್ಟಿಸ್ ಬರೆದು ನಿರ್ದೇಶಿಸಿದ್ದು, 2013. ಟಿಮ್‌ಗೆ 21 ಆದಾಗ ಅಪ್ಪ ಕರೆದು ಹೇಳುತ್ತಾರೆ, ನಮ್ಮ ಮನೆತನದ ಗಂಡಸರು ಹಿಂದಿನ ಕಾಲಕ್ಕೆ ಹೋಗಬಲ್ಲರು ಅಂತ. ಗಂಡಸರು ಮಾತ್ರ ಯಾಕೆ ಅಂತ ಹೆಂಡತಿ ಆಗಲೇ ಕೇಳಿದಳು. ನಮ್ಮ ಕಡೆ ಆಸ್ತಿಯ ಪಾಲಿನಲ್ಲಿ ಮೊದಲು ಹಾಗೆಯೇ ಇತ್ತಲ್ಲ ಅಂತ ನಾನು ಹೇಳಿ ಸುಮ್ನೆ ಬೈಸಿಕೊಂಡೆ.

ಟಿಮ್ ಲಂಡನ್ನಿನಲ್ಲಿ ಪೂರ್ತಿ ಕತ್ತಲೆಯ ರೆಸ್ಟೋರೆಂಟಿನಲ್ಲಿ ಮೇರಿಯನ್ನು ಭೇಟಿಯಾಗುತ್ತಾನೆ. ಮುಖ ನೋಡದೆ ಮಾತಿನಲ್ಲೇ ಹತ್ತಿರವಾಗುವ ಆ ದೃಶ್ಯ ಬಹಳ ಚೆನ್ನಾಗಿದೆ. ಆದರೆ ಅದೇ ರಾತ್ರಿ ನಡೆದ ಇನ್ನೊಬ್ಬರ ನಾಟಕ ಉಳಿಸಲು ಅವನು ಹಿಂದೆ ಹೋಗುತ್ತಾನೆ. ಈ ಭೇಟಿಯೇ ಅಳಿಸಿ ಹೋಗುತ್ತದೆ, ಫೋನಿನಲ್ಲಿದ್ದ ನಂಬರೂ ಮಾಯ. ಪುನಃ ಹುಡುಕಿ ಹಿಡಿದಾಗ ಅವಳಿಗೆ ಬೇರೆ ಗೆಳೆಯ. ಟಿಮ್ ಮತ್ತೆ ಹಿಂದೆ ಹೋಗಿ, ಆ ಗೆಳೆಯ ಸಿಗುವ ಪಾರ್ಟಿಗೆ ಮೊದಲೇ ತಲುಪಿ, ಅವಳನ್ನು ಹೊರಗೆ ಕರೆದುಕೊಂಡು ಹೋಗುತ್ತಾನೆ.

"ಇದು ಆ ಇನ್ನೊಬ್ಬನಿಗೆ ಅನ್ಯಾಯ ಅಲ್ವಾ?" ಅಂದ ಭಾವ.

"ಅವನ ಕಥೆ ಬಿಡು. ಅವಳಿಗೆ ಹೇಳಿದ್ದಾನಾ?" ಅಂದಳು ಹೆಂಡತಿ.

ಇಲ್ಲ. ಮದುವೆಯಾಗುತ್ತದೆ, ಮಕ್ಕಳಾಗುತ್ತವೆ, ಮೇರಿಗೆ ಕೊನೆವರೆಗೂ ಹೇಳುವುದಿಲ್ಲ. ಫಿಲ್ ಉರು ಹೊಡೆದದ್ದಕ್ಕೆ ಪೆಟ್ಟು ತಿಂದ. ಟಿಮ್ ಅದೇ ಕೆಲಸ ಮಾಡಿ ಸಂಸಾರ ಕಟ್ಟಿದ. ಸಿನಿಮಾ ಅವನನ್ನು ಒಂದು ಮಾತೂ ಕೇಳುವುದಿಲ್ಲ. ಮೇರಿಯಾಗಿ ನಟಿಸಿದ ರೇಚಲ್ ಮ್ಯಾಕ್‌ಆಡಮ್ಸ್‌ಗೆ ಇದು ಅಭ್ಯಾಸವೇ ಇರಬೇಕು. 2009ರ 'ದಿ ಟೈಮ್ ಟ್ರಾವೆಲರ್ಸ್ ವೈಫ್', 2011ರ 'ಮಿಡ್‌ನೈಟ್ ಇನ್ ಪ್ಯಾರಿಸ್', ಆಮೇಲೆ ಇದು. ಮೂರರಲ್ಲೂ ಕಾಲ ದಾಟುವುದು ಅವಳ ಜೊತೆಗಾರ, ಅವಳು ಅಲ್ಲಿಯೇ.

ಹಾಗಂತ ಸಿನಿಮಾ ಬಿಡಬೇಡಿ. ಲವ್ ಸ್ಟೋರಿಯಾಗಿ ನನ್ನ ಪ್ರಶ್ನೆಗೆ ಸೋತರೂ ಅಪ್ಪ ಮಗನ ಕಥೆಯಾಗಿ ಇದು ಉಳಿದೆಲ್ಲವನ್ನೂ ಮೀರಿಸುತ್ತದೆ. ಮಗು ಹುಟ್ಟುವ ಮೊದಲಿನ ಕಾಲಕ್ಕೆ ಹೋಗಿ ಏನಾದರೂ ಬದಲಿಸಿದರೆ ಬೇರೆಯದೇ ಮಗು ಹುಟ್ಟುತ್ತದೆ, ಅದು ಇಲ್ಲಿನ ನಿಯಮ. ತೀರಿಹೋದ ಅಪ್ಪನನ್ನು ನೋಡಲು ಟಿಮ್ ಆಗಾಗ ಹಿಂದೆ ಹೋಗುತ್ತಿರುತ್ತಾನೆ. ಇನ್ನೊಂದು ಮಗು ಬರುವುದಿದ್ದರೆ ಆ ದಾರಿ ಮುಚ್ಚಬೇಕು. ಇಬ್ಬರೂ ಪಿಂಗ್‌ಪಾಂಗ್ ಆಡುತ್ತಾರೆ, ಆಮೇಲೆ ಸಮುದ್ರದ ಬದಿಯಲ್ಲಿ ಕೊನೆಯ ಸಲ ನಡೆಯುತ್ತಾರೆ. ಅಪ್ಪನಿಗೆ ಎಲ್ಲಾ ಗೊತ್ತು. ಗೊತ್ತಿರುವ ಇಬ್ಬರ ನಡುವೆ ನಡೆಯುವುದಕ್ಕೇ ಆ ಭಾಗ ಅಷ್ಟು ನಾಟುತ್ತದೆ. ಬಿಲ್ ನೈ ಅಪ್ಪನಾಗಿ ಜಾಸ್ತಿ ಏನೂ ಮಾಡುವುದಿಲ್ಲ, ಸುಮ್ನೆ ಇರುತ್ತಾರೆ.

'ಕೇಟ್ ಅಂಡ್ ಲಿಯೋಪೋಲ್ಡ್' (2001) ನೋಡುವಾಗ ದೊಡ್ಡಮ್ಮ ಎಚ್ಚರಾಗಿದ್ದರು. 1876ರ ರಾಜಮನೆತನದ ಹ್ಯೂ ಜ್ಯಾಕ್‌ಮನ್ ಇಂದಿನ ನ್ಯೂಯಾರ್ಕಿಗೆ ಬಂದು ಬೀಳುತ್ತಾನೆ. ಹೆಂಗಸರು ಎದ್ದರೆ ತಾನೂ ಎದ್ದು ನಿಲ್ಲುತ್ತಾನೆ. ಅವನು ನಿಜವನ್ನೇ ಹೇಳುತ್ತಾನೆ, ಕೇಟ್ ನಂಬುವುದಿಲ್ಲ, ಹಾಗಾಗಿ ನನ್ನ ಪ್ರಶ್ನೆಗೆ ಅವನು ಪಾಸ್. ದೊಡ್ಡಮ್ಮ ಕೇಳಿ, "ಇದು ನಮ್ಮ ರೇವತಿಯ ಕಥೆ ಅಲ್ವಾ ಮಗಾ?" ಅಂದರು. ಹೌದಲ್ಲ! ರೇವತಿಗೆ ಗಂಡು ಕೇಳಲು ಅಪ್ಪ ಕಕುದ್ಮಿ ಅವಳನ್ನು ಬ್ರಹ್ಮಲೋಕಕ್ಕೇ ಕರೆದುಕೊಂಡು ಹೋಗುತ್ತಾನೆ. ಅಲ್ಲಿ ಸಂಗೀತ ನಡೆಯುತ್ತಿರುತ್ತದೆ, ಮುಗಿಯುವವರೆಗೆ ಕಾಯುತ್ತಾರೆ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದಿರುತ್ತದೆ. ಮನಸ್ಸಿನಲ್ಲಿದ್ದ ವರಗಳ ವಂಶವೂ ಉಳಿದಿರುವುದಿಲ್ಲ. ಬಲರಾಮನಿಗೆ ಕೊಡೋಣ ಅಂದರೆ ಹಿಂದಿನ ಯುಗದ ಹುಡುಗಿ ತಾಳೆಮರದ ಎತ್ತರ. ಅವನು ನೇಗಿಲಿನಿಂದ ಅವಳನ್ನು ಗಿಡ್ಡ ಮಾಡಿ ಮದುವೆಯಾಗುತ್ತಾನೆ. ಇವ ಎತ್ತರ ಆಗಬಾರದಿತ್ತಾ ಅಂತ ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿ ಸಿಕ್ಕಿದರೆ ಅರ್ಧ ಗಂಟೆ ಎಳೆದಾರು.

ಎರಡು ಕಥೆಯಲ್ಲೂ ಕಾಲ ಬಿಟ್ಟು ಬರುವುದು ಹೆಣ್ಣೇ. ಕೇಟ್ ಪ್ರಮೋಷನ್ ಬಿಟ್ಟು, ಬ್ರೂಕ್ಲಿನ್ ಸೇತುವೆಯಿಂದ ಹಾರಿ 1876ಕ್ಕೆ ಹೋಗುತ್ತಾಳೆ. ಅಮೆರಿಕದಾದ್ಯಂತ ಹೆಂಗಸರಿಗೆ ಓಟು ಸಿಕ್ಕಿದ್ದು 1920ರಲ್ಲಿ. ಅಲ್ಲಿ ಹೋಗಿ ಅವಳು ಎಂತ ಮಾಡುವುದು ಮಾರಾಯ್ರೆ?

ಇನ್ನು ನಮ್ಮ ಕಡೆಯದ್ದು. ತಮಿಳಿನ 'ಓ ಮೈ ಕಡವುಳೇ' (2020) ಮತ್ತು ಅದರ ಕನ್ನಡ ರೀಮೇಕ್ 'ಲಕ್ಕಿ ಮ್ಯಾನ್' (2022). ಮಲಯಾಳ ಕಿವಿಗೆ ಬಿದ್ದು ಬೆಳೆದವರಿಗೆ ತಮಿಳು ಅರ್ಧ ಅರ್ಥವಾಗುತ್ತದೆ, ಉಳಿದರ್ಧಕ್ಕೆ ಅಶೋಕ್ ಸೆಲ್ವನ್ ಮುಖ ಸಾಕು. ಬಾಲ್ಯದ ಗೆಳತಿ ಅನು ಮದುವೆಯಾಗೋಣ ಅಂದಾಗ ಅರ್ಜುನ್ ಯೋಚಿಸದೆ ಹೂಂ ಅನ್ನುತ್ತಾನೆ. ಮಾವನ ಕಮೋಡ್ ಕಂಪನಿಯಲ್ಲಿ ಕೆಲಸ. ಸಂಸಾರ ಕೆಟ್ಟು ಡೈವೋರ್ಸ್ ಕೋರ್ಟಿಗೆ ಬಂದಾಗ ದೇವರು ಚಿನ್ನದ ಬಣ್ಣದ ಟಿಕೆಟ್ ಕೊಡುತ್ತಾನೆ. ಹಿಂದೆ ಹೋಗಿ ಬೇಡ ಅನ್ನಬಹುದು. ಷರತ್ತು ಏನೆಂದರೆ ಗುಟ್ಟು ಯಾರಿಗಾದರೂ ಹೇಳಿದರೆ ಪ್ರಾಣ ಹೋಗುತ್ತದೆ.

ಇದು ಜಾಣತನ. ಟಿಮ್ ಹೇಳಬಹುದಿತ್ತು, ಹೇಳಲಿಲ್ಲ. ಅರ್ಜುನ್ ಹೇಳುವ ಹಾಗೇ ಇಲ್ಲ. ಅವನು ಅನುವನ್ನು ಪಟಾಯಿಸಲು ಹಿಂದೆ ಹೋಗಿದ್ದೂ ಅಲ್ಲ, ಅವಳಿಂದ ತಪ್ಪಿಸಿಕೊಳ್ಳಲು ಹೋದದ್ದು. ಗೊತ್ತಿದ್ದದ್ದು ಏನೂ ಸಾಲದು ಅಂತ ಅವನಿಗೇ ನಿಧಾನಕ್ಕೆ ತಿಳಿಯುತ್ತದೆ. ಫಿಲ್‌ಗೆ ಉತ್ತರಗಳು ಉಪಯೋಗಕ್ಕೆ ಬಾರಲಿಲ್ಲ, ಇವನ ಹತ್ತಿರ ಗಂಡನಾಗಿದ್ದೂ ಉತ್ತರಗಳೇ ಇರಲಿಲ್ಲ.

ಎರಡರಲ್ಲಿ ಯಾವುದು? ಬರವಣಿಗೆ, ವೇಗ ತಮಿಳಿನದ್ದೇ ಗಟ್ಟಿ. 'ಲಕ್ಕಿ ಮ್ಯಾನ್'ನಲ್ಲಿ ಡಾರ್ಲಿಂಗ್ ಕೃಷ್ಣ, ಸಂಗೀತಾ ಶೃಂಗೇರಿ ಚೆನ್ನಾಗಿಯೇ ಮಾಡಿದ್ದಾರೆ, ಆದರೆ ಹಲವು ಕಡೆ ತಮಿಳಿನ ಜಾಡಿನಲ್ಲೇ ನಡೆದಿದ್ದಾರೆ. ಹಾಗಿದ್ದರೂ ದೇವರ ವಿಷಯದಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ತಮಿಳಿನಲ್ಲಿ ವಿಜಯ್ ಸೇತುಪತಿ ದೇವರ ಪಾತ್ರ ಮಾಡಿದ್ದಾರೆ. ಕನ್ನಡದಲ್ಲಿ ಪುನೀತ್ ರಾಜ್‌ಕುಮಾರ್. ಅವರು ತೀರಿಕೊಂಡದ್ದು 2021ರ ಅಕ್ಟೋಬರ್ 29ರಂದು, ಸಿನಿಮಾ ಬಂದದ್ದು ಮರುವರ್ಷ ಸೆಪ್ಟೆಂಬರಿನಲ್ಲಿ. ಎರಡನೇ ಅವಕಾಶ ಕೊಡುವ ದೇವರಾಗಿ ಅವರು ನಗುತ್ತಾ ಕೂತಿರುವಾಗ ಕಾಮಿಡಿ ನೋಡುವುದು ಸುಲಭ ಇಲ್ಲ. ಪ್ರಭುದೇವ ಜೊತೆ ಅವರ ಡ್ಯಾನ್ಸ್ ಬಂದಾಗ ನಮ್ಮಲ್ಲಿ ಯಾರೂ ಮಾತಾಡಲಿಲ್ಲ.

ಹಿಂದಿಯದ್ದು ಬೇಗ ಮುಗಿಸುತ್ತೇನೆ. 'ಆಕ್ಷನ್ ರಿಪ್ಲೇ' (2010): ಮಗ ಹಿಂದೆ ಹೋಗಿ ಅಪ್ಪ ಅಮ್ಮನ ನಡುವೆ ಪ್ರೀತಿ ಹುಟ್ಟಿಸುವುದು. ಬೆಲ್‌ಬಾಟಮ್ ಬಿಟ್ಟು ನೆನಪಿಡುವಂಥದ್ದು ಇಲ್ಲ. 'ಭೂಲ್ ಚೂಕ್ ಮಾಫ್' (2025): ಬನಾರಸಿನ ಹುಡುಗ ಸರಕಾರಿ ಕೆಲಸ ಸಿಗಲೆಂದು ದೇವರಿಗೆ ಹರಕೆ ಹೊತ್ತು ಮರೆಯುತ್ತಾನೆ, ಮದುವೆಯ ಹಿಂದಿನ ಅರಸಿನ ಶಾಸ್ತ್ರದ ದಿನವೇ ಪುನಃ ಪುನಃ ಬರುತ್ತದೆ. ಲೂಪ್‌ಗೆ ಕಾರಣ ಕೊಟ್ಟ ಸಿನಿಮಾ ಇದು. ಕೊನೆಯಲ್ಲಿ ಭಾಷಣ ಜಾಸ್ತಿ. ಆದರೆ ಕಾರಣ ಕೇಳಿ ದೊಡ್ಡಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ. "ಹರಕೆ ಬಾಕಿ ಇಟ್ಟರೆ ಮತ್ತೆಂತ ಆಗುವುದು? ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು" ಅಂದರು.

ಕೊನೆಗೆ 'ಪಾಮ್ ಸ್ಪ್ರಿಂಗ್ಸ್' (2020). ನನ್ನ ಪ್ರಶ್ನೆಗೆ ನೇರ ಉತ್ತರ ಕೊಟ್ಟದ್ದು ಇದೊಂದೇ. ಮರುಭೂಮಿಯ ಊರಿನಲ್ಲಿ ನವೆಂಬರ್ 9ರ ಒಂದು ಮದುವೆ. ನೈಲ್ಸ್ ಆ ದಿನದಲ್ಲಿ ಸಿಕ್ಕಿಬಿದ್ದು ಎಷ್ಟೋ ಕಾಲವಾಗಿದೆ. ಮದುಮಗಳ ಅಕ್ಕ ಸಾರಾ ಅವನ ಹಿಂದೆ ಗುಹೆಗೆ ನುಗ್ಗಿ ತಾನೂ ಸಿಕ್ಕಿಬೀಳುತ್ತಾಳೆ. ಇಬ್ಬರಿಗೂ ನೆನಪಿರುತ್ತದೆ! ಒಬ್ಬ ಆಡಿಸುವವ, ಒಬ್ಬಳು ಆಟಿಕೆ ಅನ್ನುವ ತಾಪತ್ರಯ ಇಲ್ಲ. ಇಬ್ಬರೂ ಸೇರಿ ಬೇಜವಾಬ್ದಾರಿ ಕೆಲಸ ಮಾಡಿಕೊಂಡು ದಿನ ಕಳೆಯುತ್ತಾರೆ. ಆಮೇಲೆ ನಿಜ ಹೊರಬೀಳುತ್ತದೆ. ಸಾರಾ ಲೂಪಿಗೆ ಬರುವ ಮೊದಲು, ಅವಳಿಗೆ ನೆನಪೇ ಇರದ ದಿನಗಳಲ್ಲಿ, ನೈಲ್ಸ್ ಅವಳ ಜೊತೆ ಎಷ್ಟೋ ಸಲ ಮಲಗಿದ್ದಾನೆ. ಅದನ್ನು ಅವನು ಹೇಳಿರಲಿಲ್ಲ. ಅವಳಿಗೆ ಬರುವ ಸಿಟ್ಟು ಮೇರಿಗೆ ಬರಬೇಕಿದ್ದ ಸಿಟ್ಟು. 'ಅಬೌಟ್ ಟೈಮ್' ನೋಡಿದ ಮರುರಾತ್ರಿ ಇದನ್ನು ನೋಡಿದ್ದಕ್ಕೆ ನನಗೆ ಅದು ಅಷ್ಟು ಸ್ಪಷ್ಟವಾಗಿ ಕಂಡಿತು.

ಸಾರಾ ಅಳುತ್ತಾ ಕೂರುವುದಿಲ್ಲ. ದಿನವೂ ಅದೇ ದಿನ, ಓದಲು ಬೇಕಾದಷ್ಟು ಸಮಯ. ಕ್ವಾಂಟಮ್ ಫಿಸಿಕ್ಸ್ ಕಲಿತು, ಒಂದು ಆಡಿನ ಮೇಲೆ ಪ್ರಯೋಗ ಮಾಡಿ, ಹೊರಗೆ ಹೋಗುವ ದಾರಿ ಹುಡುಕುತ್ತಾಳೆ. ಇಷ್ಟರಲ್ಲಿ ಕಾಲದ ಬೀಗ ಮುರಿದ ನಾಯಕಿ ಇವಳೊಬ್ಬಳೇ. ಇದು ಬಂದದ್ದು 2020ರ ಜುಲೈಯಲ್ಲಿ, ಕೊರೋನಾದಿಂದಾಗಿ ತಲಪಾಡಿಯಲ್ಲಿ ಕೇರಳ ಕರ್ನಾಟಕ ಗಡಿ ದಾಟಲು ಪಾಸ್ ಬೇಕಿದ್ದ ಕಾಲ. ಒಂದೇ ದಿನ ಪುನಃ ಪುನಃ ಬರುವುದನ್ನು ಆಗ ಯಾರಿಗೂ ವಿವರಿಸಬೇಕಾಗಿರಲಿಲ್ಲ.

ಆದರೆ ಇದು ದೊಡ್ಡಮ್ಮನ ಎದುರು ಹಾಕುವ ಸಿನಿಮಾ ಅಲ್ಲ, ಶುರುವಾಗುವುದೇ ಬೆಡ್‌ರೂಮಿನಲ್ಲಿ. ಮನೆಮಂದಿ ಒಟ್ಟಿಗೆ ಕೂರುವುದಾದರೆ 'ಲಕ್ಕಿ ಮ್ಯಾನ್' ಹಾಕಿ. ಗಂಡ ಹೆಂಡತಿ ಇಬ್ಬರೇ ಇದ್ದರೆ 'ಅಬೌಟ್ ಟೈಮ್' ಮತ್ತು 'ಪಾಮ್ ಸ್ಪ್ರಿಂಗ್ಸ್' ಬೆನ್ನುಬೆನ್ನಿಗೆ ನೋಡಿ, ಇದೇ ಕ್ರಮದಲ್ಲಿ. 'ಗ್ರೌಂಡ್‌ಹಾಗ್ ಡೇ'ಯನ್ನು ಮಾತ್ರ ನಾನು ಒಬ್ಬನೇ ಇದ್ದಾಗಲೂ ಹಾಕಿಕೊಳ್ಳುತ್ತೇನೆ, ನೆಡ್ ಬರುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗದಿದ್ದರೆ.