ಕಾನ್‌ನಲ್ಲಿ ‘ಎರಡು ದ್ವೀಪದ ಟ್ರಿಪ್’ ಅಂದರೆ ದುಡ್ಡು ಕೊಡುವ ಮುಂಚೆ ಇದನ್ನು ಓದಿ

180 ಯೂರೋ. ಮೂರು ಜನಕ್ಕೆ. ದ್ವೀಪದ ಮೇಲೆ ಒಂದು ಕಾಲೂ ಇಡಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೂ ಇದೆ.

ಸೆಪ್ಟೆಂಬರ್‌ನಲ್ಲಿ ಅಮ್ಮ, ಹೆಂಡತಿ, ನಾನು ಫ್ರಾನ್ಸ್‌ನ ನೀಸ್‌ನಲ್ಲಿ ಉಳಿದುಕೊಂಡಿದ್ದೆವು. ಒಂದು ದಿನ ರೈಲು ಹಿಡಿದು ಕಾನ್‌ಗೆ ಹೋದೆವು. ಚಿತ್ರೋತ್ಸವ ಇರುವುದು ಮೇ ತಿಂಗಳಲ್ಲಿ, ಆದರೂ ಅದು ನಡೆಯುವ ಕಟ್ಟಡದ ಮೆಟ್ಟಿಲ ಮೇಲೆ ಫೋಟೋ ತೆಗೆಸಿಕೊಳ್ಳೋಕೆ ನೂಕುನುಗ್ಗಲು. ಅದೆಲ್ಲ ಸುಮ್ನೆ. ನನಗೆ ಬೇಕಿದ್ದದ್ದು ಎದುರಿಗಿರುವ ದ್ವೀಪಗಳು. ಸೇಂತ್ ಮಾರ್ಗರಿತ್ ದ್ವೀಪದ ಕೋಟೆಯಲ್ಲಿ, ಯಾರೆಂದು ಇಂದಿಗೂ ಖಚಿತವಾಗಿ ಗೊತ್ತಾಗದ ಕೈದಿ ‘ಕಬ್ಬಿಣದ ಮುಖವಾಡದ ಮನುಷ್ಯ’ನನ್ನು 1687ರಿಂದ 1698ರವರೆಗೆ ಕೂಡಿಹಾಕಿದ್ದ ಕೋಣೆ ಇದೆ. ಪಕ್ಕದ ಸೇಂತ್ ಒನೊರಾದಲ್ಲಿ ಕ್ರೈಸ್ತ ಸನ್ಯಾಸಿಗಳ ಮಠ, ಅವರದ್ದೇ ದ್ರಾಕ್ಷಿ ತೋಟ, ಅವರದ್ದೇ ವೈನ್. “ಸ್ವಾಮಿಗಳೇ ವೈನ್ ಮಾಡ್ತಾರಾ? ನೋಡ್ಲೇಬೇಕು ಕಣೋ” ಅಂದಿದ್ದರು ಅಮ್ಮ.

ಹಳೇ ಬಂದರಿನ ಹತ್ತಿರ ಒಬ್ಬ ಲ್ಯಾಮಿನೇಟ್ ಮಾಡಿದ ಫೋಟೋ ಹಿಡಿದು ನಿಂತಿದ್ದ. ಕೋಟೆ, ಮಠ, ನೀರೊಳಗಿನ ಮುಖದ ಶಿಲ್ಪಗಳು. “ಎರಡೂ ದ್ವೀಪ, ಒಂದೇ ಟಿಕೆಟ್, ಒಬ್ಬರಿಗೆ 70 ಯೂರೋ.” ನಾನು ಚೌಕಾಸಿ ಮಾಡಿ 60ಕ್ಕೆ ಇಳಿಸಿದೆ. ಇಳಿಸಿ ಹೆಂಡತಿಯ ಕಡೆ ಹೆಮ್ಮೆಯಿಂದ ನೋಡಿದೆ ಬೇರೆ! ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ದೋಣಿ ಹೊರಟಿತು. ಎರಡು ದ್ವೀಪಗಳ ನಡುವಿನ ನೀರಿಗೆ ಬಂದು ಲಂಗರು ಹಾಕಿದರು. “ಅರ್ಧ ಗಂಟೆ. ಈಜಬಹುದು.” ಎಲ್ಲರೂ ನೀರಿಗೆ ಹಾರಿದರು. ನಾವು ಮೂವರು ಕೂತೇ ಇದ್ದೆವು. ಅಮ್ಮ ಸೀರೆಯಲ್ಲಿದ್ದರು, ಕೈಯಲ್ಲಿ ನೀರಿನ ಬಾಟಲಿ, ಬ್ಯಾಗಲ್ಲಿ ಚಕ್ಕುಲಿ. “ಇಳಿಯೋದು ಯಾವಾಗ್ಲೋ?” ಅಂದರು.

ದೋಣಿಯವನನ್ನು ಹೋಗಿ ಕೇಳಿದೆ. “ಇಳಿಯೋದಾ? ಇಳಿಸ್ತೀನಿ ಅಂತ ಯಾರು ಹೇಳಿದ್ರು?” ಅಂದ.

“ಎರಡು ದ್ವೀಪ ತೋರಿಸ್ತೀನಿ ಅಂದಿದ್ದಿರಲ್ಲ?” ಅಂದೆ.

“ತೋರಿಸ್ತಿದೀನಲ್ಲ. ಅದೊಂದು, ಇದೊಂದು.” ಕೈ ಚಾಚಿ ತೋರಿಸಿದ! ಶಿಲ್ಪ ಎಲ್ಲಿ ಅಂದರೆ, “ನೀರೊಳಗೆ. ಮಾಸ್ಕ್ ಬಾಡಿಗೆ 10 ಯೂರೋ.” ಆ ಶಿಲ್ಪಗಳು ಆರು, ಕೆಲವು ಮೀಟರ್ ಆಳದಲ್ಲಿವೆ, ಈಜು ಬಾರದವರಿಗೆ ಏನೂ ಕಾಣುವುದಿಲ್ಲ. ಆಮೇಲೆ ಟಿಕೆಟ್ ಚೀಟಿ ತೆಗೆದು ನೋಡಿ ಅಂದ. ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ‘ಸಾನ್ ದೆಬಾರ್ಕ್‌ಮಾಂ’. ಹೆಂಡತಿ ಫೋನ್ ಹಿಡಿದು ಅನುವಾದ ಮಾಡಿದಳು. “ದಡಕ್ಕೆ ಇಳಿಸುವುದಿಲ್ಲ ಅಂತ ರೀ” ಅಂದಳು. ಮತ್ತೇನೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು.

“ಮಲ್ಪೆಯಲ್ಲಿ ದುಡ್ಡು ಕೊಟ್ರೆ ಸೇಂಟ್ ಮೇರೀಸ್‌ನಲ್ಲಿ ಇಳಿಸಿ, ಕರ್ಕೊಂಡೂ ಬರ್ತಾರೆ” ಅಂದರು ಅಮ್ಮ. ಮಠದ ಗೋಪುರ ಕಣ್ಣೆದುರಿಗೇ ಇತ್ತು. ಇಷ್ಟು ದೂರದಲ್ಲಿ.

ವಾಪಸ್ ಬಂದಮೇಲೆ ಬಂದರಿನ ಪಶ್ಚಿಮದ ತುದಿಗೆ ಹೋದೆವು. ಕೆ ಲೋಬೆಫ್ ಅನ್ನುವ ಕಟ್ಟೆ. ಅಲ್ಲಿದೆ ನಿಜವಾದ ಟಿಕೆಟ್ ಕೌಂಟರ್! ಹೋಗಿಬರುವುದಕ್ಕೆ ಒಬ್ಬರಿಗೆ 20 ಯೂರೋ ಆಸುಪಾಸು, ಕಾಲು ಗಂಟೆ, ಇಪ್ಪತ್ತು ನಿಮಿಷದಲ್ಲಿ ದಡ ಮುಟ್ಟಿಸುತ್ತಾರೆ. ಅಷ್ಟು ಹೊತ್ತಿಗೆ ಸಂಜೆಯಾಗಿತ್ತು, ಮರುದಿನ ನಮ್ಮ ವಿಮಾನ.

ಹೋಗುವವರು ಸೀದಾ ಆ ಕಟ್ಟೆಗೇ ಹೋಗಿ, ದಾರಿಯಲ್ಲಿ ಫೋಟೋ ಹಿಡಿದವರ ಹತ್ತಿರ ಮಾತೇ ಬೇಡ. ಇನ್ನೊಂದು, ಎರಡು ದ್ವೀಪಕ್ಕೂ ದೋಣಿ ಬೇರೆ, ಟಿಕೆಟ್ ಬೇರೆ. ಸೇಂತ್ ಒನೊರಾಗೆ ಹೋಗುವುದು ಮಠದವರದ್ದೇ ದೋಣಿ. ‘ಒಂದೇ ಟಿಕೆಟ್, ಎರಡೂ ದ್ವೀಪ’ ಅಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಇಳಿಸ್ತೀರಾ ಅಂತ ಬಾಯಿಬಿಟ್ಟು ಕೇಳಿ, ಅಷ್ಟೇ.

ದುಡ್ಡು ವಾಪಸ್ ಕೊಡಿ ಅಂತ ಊರಿಗೆ ಬಂದು ಆ ದೋಣಿಯವರಿಗೆ ಮೇಲ್ ಹಾಕಿದೆ. ನಾಲ್ಕು ದಿನಕ್ಕೆ ಉತ್ತರ ಬಂತು: “ಆ ದಿನ ಹವೆ ಬಹಳ ಚೆನ್ನಾಗಿತ್ತು, ನೀವು ಖುಷಿಪಟ್ಟಿದ್ದೀರಿ ಅಂದುಕೊಂಡಿದ್ದೇವೆ.” ಎರಡನೇ ಮೇಲ್‌ಗೆ ಉತ್ತರವೇ ಇಲ್ಲ.