ಯಾವ ಆಲ್ಬಂ ಇಟ್ಟುಕೊಳ್ಳೋದು, ಯಾವುದು ಬಿಡೋದು: ನಾನು ಸುತ್ತಿ ಬಂದ ನಾಲ್ಕು ದಾರಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಆಲ್ಬಂ ಹಾಕಿ ಕೊನೆತನಕ ಕೇಳಿ ಆಮೇಲೆ ತೀರ್ಮಾನ ಮಾಡುವ ದಾರಿಗೆ. ಅದು ನಿಧಾನ, ತಿಂಗಳುಗಟ್ಟಲೆ ಎಳೆಯುತ್ತದೆ, ನಡುವೆ ಬೇಜಾರೂ ಆಗುತ್ತದೆ. ಆದರೂ ಅದೇ. ಯಾಕೆ ಅಂದರೆ ಬೇರೆ ಮೂರು ದಾರಿಗಳನ್ನೂ ನೋಡಿ ಬಂದಿದ್ದೇನೆ. ಅದರಲ್ಲೊಂದನ್ನು ನಂಬಿ, ನಾನೇ ಕೊಟ್ಟುಬಿಟ್ಟಿದ್ದ ಆಲ್ಬಮನ್ನು ಮತ್ತೆ ದುಡ್ಡು ಕೊಟ್ಟು ಕೊಂಡಿದ್ದೇನೆ.

ಇದ್ದದ್ದು ನಾನೂರು ಚಿಲ್ಲರೆ ಸಿಡಿ, ಜೊತೆಗೆ ಒಂದಿಷ್ಟು ಎಲ್‌ಪಿ, ಅಂದರೆ ಹಳೆಯ ಕಾಲದ ದೊಡ್ಡ ಗ್ರಾಮಫೋನ್ ತಟ್ಟೆಗಳು. ಕಪಾಟು ತುಂಬಿ, ಕಪಾಟಿನ ತಲೆ ಮೇಲೂ ತುಂಬಿ, ಉಳಿದವು ಮಂಚದ ಕೆಳಗೆ ಸೇರಿದ್ದವು. ಅರ್ಧಕ್ಕೆ ಇಳಿಸಬೇಕು ಅಂತ ಕೂತೆ.

ಮೊದಲು ಹಿಡಿದದ್ದು ಎಲ್ಲರೂ ಹೇಳುವ ಉಪಾಯ, ಒಂದು ವರ್ಷ ಕೇಳದಿದ್ದರೆ ಹೊರಗೆ. ಎಲ್ಲ ಸಿಡಿಗಳ ಬೆನ್ನನ್ನೂ ಗೋಡೆ ಕಡೆ ತಿರುಗಿಸಿಟ್ಟೆ, ಕೇಳಿದ ಮೇಲೆ ನೆಟ್ಟಗೆ ಇಡುವುದು. ಎರಡೇ ತಿಂಗಳಿಗೆ ಗೊತ್ತಾಯಿತು, ಇದು ನನ್ನ ಇಷ್ಟವನ್ನಲ್ಲ, ಕಪಾಟಿನ ಎತ್ತರವನ್ನು ಅಳೆಯುತ್ತಿದೆ. ಕೈಗೆ ಸಿಗುವ ಸಾಲು ಪೂರ್ತಿ ನೆಟ್ಟಗಾಯಿತು, ಬಗ್ಗಿ ತೆಗೆಯಬೇಕಾದ ಸಾಲು ಹಾಗೇ ಉಳಿಯಿತು. ಮೂರು ವರ್ಷಕ್ಕೊಮ್ಮೆ ಮಾತ್ರ ಕೇಳುವ, ಆದರೆ ಆ ಒಂದು ಸಲ ಬೇರೇನೂ ಸಾಲದು ಅನ್ನಿಸುವ ಆಲ್ಬಮ್‌ಗಳು ಇರುತ್ತವೆ ಅಲ್ವಾ? ಅವು ಈ ಲೆಕ್ಕದಲ್ಲಿ ಬಲಿ. ಕೊನೆಗೆ ನಾನು ಮೋಸ ಮಾಡೋಕೆ ಶುರು ಮಾಡಿದೆ, ಉಳಿಸಿಕೊಳ್ಳಬೇಕು ಅಂತಲೇ ಸುಮ್ನೆ ಹಾಕಿಟ್ಟು ಬಟ್ಟೆ ಮಡಚುತ್ತಿದ್ದೆ.

ಎರಡನೆಯದು ಇನ್ನೂ ಸುಲಭ. ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಸಿಗುತ್ತಾ? ಹಾಗಾದರೆ ಡಿಸ್ಕ್ ಯಾಕೆ, ಕೊಟ್ಟುಬಿಡು. ಒಂದೇ ವಾರದಲ್ಲಿ ಎರಡು ಡಬ್ಬ ಖಾಲಿ ಮಾಡಿದೆ, ಏನೋ ಸಾಧಿಸಿದ ಹಾಗೆ ಖುಷಿಪಟ್ಟೆ. ಎಡವಟ್ಟು ಆಗಿದ್ದು ಇಲ್ಲೇ.

ಕೆಲವು ತಿಂಗಳ ಮೇಲೆ ಒಂದು ರಾತ್ರಿ, ಕೊಟ್ಟುಬಿಟ್ಟಿದ್ದ ಆಲ್ಬಮನ್ನು ಹೆಡ್‌ಫೋನ್‌ನಲ್ಲಿ ಹಾಕಿದೆ. ಅದರ ಮೊದಲ ಹಾಡು ಒಂದೇ ಗಿಟಾರ್‌ನಿಂದ ಶುರು, ಎಷ್ಟು ಮೆಲ್ಲಗೆ ಅಂದರೆ ಪ್ರತಿ ಸಲ ವಾಲ್ಯೂಮ್ ಏರಿಸಲೇಬೇಕು. ಒಂದೂವರೆ ನಿಮಿಷಕ್ಕೆ ಡ್ರಮ್ಸ್ ಬೀಳುತ್ತದೆ, ಬಿದ್ದಾಗ ಬೆಚ್ಚಿಬೀಳುತ್ತೀರಿ, ಬರುತ್ತದೆ ಅಂತ ಗೊತ್ತಿದ್ದರೂ ಬೆಚ್ಚಿಬೀಳುತ್ತೀರಿ. ಆ ರಾತ್ರಿ ನಾನು ಬೆಚ್ಚಲಿಲ್ಲ. ಗಿಟಾರ್ ಮೊದಲಿಂದಲೇ ಕಿವಿ ಪಕ್ಕದಲ್ಲಿತ್ತು, ಡ್ರಮ್ಸ್ ಬಂದು ಅದರ ಪಕ್ಕದಲ್ಲಿ ಕೂತಿತು, ಅಷ್ಟೇ.

ಹೆಡ್‌ಫೋನ್ ಕೆಟ್ಟಿದೆ ಅಂದುಕೊಂಡೆ. ಬೇರೆಯದು ಹಾಕಿದೆ, ಹಾಗೇ ಇತ್ತು. ಆಮೇಲೆ ಆ್ಯಪ್‌ನ ಸೆಟ್ಟಿಂಗ್ ಮೇಲೆ ಅನುಮಾನ ಬಂತು. ಎಲ್ಲ ಹಾಡುಗಳ ಸದ್ದನ್ನೂ ಒಂದೇ ಮಟ್ಟಕ್ಕೆ ತರುವ ನಾರ್ಮಲೈಸೇಶನ್ ಅಂತ ಒಂದಿದೆ, ಅದನ್ನು ಆಫ್ ಮಾಡಿದೆ. ಏನೂ ಬದಲಾಗಲಿಲ್ಲ. ಬದಲಾಗಬೇಕಾಗಿಯೂ ಇರಲಿಲ್ಲ, ಸಾಮಾನ್ಯವಾಗಿ ಅದು ಇಡೀ ಹಾಡನ್ನು ಮೇಲೆ ಕೆಳಗೆ ಮಾಡುತ್ತದೆ, ಹಾಡಿನ ಒಳಗಿನ ಏರಿಳಿತವನ್ನು ಮುಟ್ಟುವುದಿಲ್ಲ. ಕೊನೆಗೆ ಹೆಸರಿನ ಕೆಳಗಿನ ಸಣ್ಣ ಅಕ್ಷರ ನೋಡಿದೆ. ರಿಮಾಸ್ಟರ್ ಅಂತಿತ್ತು, ಅಂದರೆ ಹಳೆಯ ರೆಕಾರ್ಡಿಂಗಿನ ಸದ್ದನ್ನು ಹೊಸದಾಗಿ ತಿದ್ದಿ ಹೊರತಂದದ್ದು, ಪಕ್ಕದಲ್ಲಿ ಇತ್ತೀಚಿನ ಒಂದು ಇಸವಿ. ಹೆಸರು, ಮುಖಪುಟ, ಹಾಡುಗಳ ಸಾಲು ಎಲ್ಲ ಅದೇ. ನಾನು ಕೊಟ್ಟುಬಿಟ್ಟಿದ್ದ ಆಲ್ಬಂ ಮಾತ್ರ ಅದಲ್ಲ.

ಆಗಿದ್ದು ಇಷ್ಟು: ಡಿಜಿಟಲ್‌ನಲ್ಲಿ ಸದ್ದಿಗೆ ಒಂದು ಚಾವಣಿ ಇದೆ, ಅದನ್ನು ದಾಟುವ ಹಾಗಿಲ್ಲ. ಇನ್ನೂ ಜೋರಾಗಿ ಕೇಳಿಸಬೇಕು ಅಂದರೆ ಮೆಲ್ಲಗಿರುವುದನ್ನೆಲ್ಲ ಮೇಲಕ್ಕೆ ಎತ್ತಬೇಕು, ಎತ್ತರದ ತುದಿಗಳನ್ನು ಒತ್ತಬೇಕು. 1990ರ ದಶಕದಿಂದ ಇದೇ ಪೈಪೋಟಿ ಜಾಸ್ತಿಯಾಯಿತು, ಲೌಡ್‌ನೆಸ್ ವಾರ್ ಅಂತಲೇ ಕರೆಯುತ್ತಾರೆ. 2008ರಲ್ಲಿ ಮೆಟಾಲಿಕಾ ಅನ್ನುವ ರಾಕ್ ಬ್ಯಾಂಡಿನ ಡೆತ್ ಮ್ಯಾಗ್ನೆಟಿಕ್ ಆಲ್ಬಂ ಬಂದಾಗ ಸಿಡಿಗಿಂತ ವಿಡಿಯೋ ಗೇಮಿನಲ್ಲಿ ಕೊಟ್ಟ ಹಾಡುಗಳೇ ಚೆನ್ನಾಗಿ ಕೇಳಿಸುತ್ತವೆ ಅಂತ ಅಭಿಮಾನಿಗಳೇ ಗಲಾಟೆ ಮಾಡಿದ್ದರು. ಹಾಗಂತ ಹಳೆಯದೆಲ್ಲ ಚಿನ್ನ ಅಲ್ಲ. ಸಿಡಿ ಬಂದ ಹೊಸತರಲ್ಲಿ ಕೆಲವನ್ನು ಎಲ್‌ಪಿಗೆ ಅಂತ ತಯಾರಾದ ಟೇಪಿನಿಂದಲೇ ಮಾಡಿದ್ದರು, ಅವು ತೆಳ್ಳಗೆ, ಸಪ್ಪೆ. ಅಂಥದ್ದಕ್ಕೆ ರಿಮಾಸ್ಟರ್ ಬಂದರೆ ನಾನೇ ಮೊದಲು ಬದಲಾಯಿಸುತ್ತೇನೆ. ತೊಂದರೆ ಏನು ಅಂದರೆ, ಕೇಳದೆ ಗೊತ್ತಾಗಲ್ಲ.

ಸರಿ, ಹಳೆಯ ಸಿಡಿಯನ್ನೇ ಮತ್ತೆ ಕೊಳ್ಳೋಣ ಅಂತ ಹೊರಟೆ. ಮಾರುವವರು ಹಾಕಿದ್ದ ಚಿತ್ರದಲ್ಲಿ ಹಳೆಯ ಮುಖಪುಟವೇ ಇತ್ತು. ಮನೆಗೆ ಬಂದದ್ದು ರಿಮಾಸ್ಟರ್. ಆಮೇಲೆ ಕಲಿತೆ: ಮುಖಪುಟ ನಂಬಬಾರದು, ಬೆನ್ನ ಮೇಲಿನ ಕ್ಯಾಟಲಾಗ್ ನಂಬರ್ ಕೇಳಬೇಕು, ಸಾಧ್ಯವಾದರೆ ಡಿಸ್ಕಿನ ಹೊಳೆಯುವ ಬದಿಯಲ್ಲಿ ನಡುವಿನ ತೂತಿನ ಸುತ್ತ ಕೊರೆದಿರುವ ಮ್ಯಾಟ್ರಿಕ್ಸ್ ನಂಬರಿನ ಫೋಟೋ ತರಿಸಿಕೊಂಡು ಆಲ್ಬಮ್‌ಗಳ ಬೇರೆ ಬೇರೆ ಆವೃತ್ತಿಗಳನ್ನು ಪಟ್ಟಿ ಮಾಡುವ ಡಿಸ್ಕಾಗ್ಸ್ ವೆಬ್‌ಸೈಟ್‌ನಲ್ಲಿ ಹೋಲಿಸಬೇಕು. ಹಾಗೆ ಮಾಡಿ ಇನ್ನೊಂದು ತರಿಸಿದೆ. ಮತ್ತೆ ಕೊಂಡೆ ಅಂದೆನಲ್ಲ, ಲೆಕ್ಕ ಹಾಕಿದರೆ ಒಂದೇ ಆಲ್ಬಮ್‌ಗೆ ಮೂರು ಸಲ ದುಡ್ಡು ಕೊಟ್ಟಿದ್ದೇನೆ.

ಸ್ಟ್ರೀಮಿಂಗ್‌ನ ಉಳಿದ ದೂರುಗಳು ಚಿಕ್ಕವು. ಕೆಲವು ಹಾಡು ಇದ್ದಕ್ಕಿದ್ದಂತೆ ಬೂದು ಬಣ್ಣಕ್ಕೆ ತಿರುಗುತ್ತವೆ, ಒತ್ತಿದರೂ ಕೇಳಿಸಲ್ಲ. ಆಲ್ಬಂ ಮುಗಿದು ಮನಸ್ಸು ತುಂಬಿರುವಾಗ ಡಿಲಕ್ಸ್ ಎಡಿಶನ್‌ನಲ್ಲಿ ಹೆಚ್ಚಿಗೆ ಸೇರಿಸಿದ ಡೆಮೋಗಳು, ಅಂದರೆ ಕಚ್ಚಾ ರೆಕಾರ್ಡಿಂಗ್‌ಗಳು, ಬಂದು ವಕ್ಕರಿಸುತ್ತವೆ.

ಮೂರನೆಯದು, ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಂಡು ಡಿಸ್ಕ್‌ಗಳನ್ನು ಕಳಿಸಿಬಿಡುವುದು. ಇಳಿಸುವ ಕೆಲಸ ನನಗೆ ಇಷ್ಟ. ಫ್ಲ್ಯಾಕ್ ಅನ್ನುವ ಫೈಲ್ ರೂಪದಲ್ಲಿ ಸದ್ದಿನ ಏನೂ ಕಳೆದುಹೋಗಲ್ಲ, ಒಂದು ಆಲ್ಬಂ ಸುಮಾರು 300–400 ಎಂಬಿ, ನನ್ನ ಸಂಗ್ರಹ ಪೂರ್ತಿ ಒಂದು ಪುಟ್ಟ ಡ್ರೈವಿನಲ್ಲಿ ಕೂರುತ್ತದೆ. ಆದರೆ ಕೆಲವು ಡಿಸ್ಕ್‌ಗಳಲ್ಲಿ ಮೊದಲ ಹಾಡಿಗೂ ಹಿಂದೆ ಒಂದು ಹಾಡು ಅಡಗಿರುತ್ತದೆ, ಪ್ಲೇಯರ್‌ನಲ್ಲಿ ಹಿಂದಕ್ಕೆ ಒತ್ತಿ ಹಿಡಿದರೆ ಮಾತ್ರ ಸಿಗುತ್ತದೆ. ಸಾಫ್ಟ್‌ವೇರಿಗೆ ಹೇಳಿಕೊಡದಿದ್ದರೆ ಅದು ಬಿಟ್ಟುಹೋಗುತ್ತದೆ. ಇನ್ನು 1980ರ ದಶಕದ ಕೆಲವು ಸಿಡಿಗಳಲ್ಲಿ ಪ್ರೀ-ಎಂಫಸಿಸ್ ಅಂತ ಮೇಲಿನ ಸ್ವರಗಳನ್ನು ಬೇಕಂತಲೇ ಏರಿಸಿ ಬರೆದಿರುತ್ತಾರೆ, ಪ್ಲೇಯರ್ ಅದನ್ನು ಇಳಿಸಿ ಕೇಳಿಸುತ್ತದೆ. ಹಾಗೇ ಕಂಪ್ಯೂಟರಿಗೆ ಇಳಿಸಿದರೆ ಕಿವಿ ಚುಚ್ಚುತ್ತದೆ. ಡಿಸ್ಕ್ ಕೊಟ್ಟು ನಕಲು ಇಟ್ಟುಕೊಳ್ಳುವುದು ಎಷ್ಟೋ ಕಡೆ ಕಾನೂನಿಗೂ ಒಗ್ಗಲ್ಲ. ಹಾಗಾಗಿ ನನಗೆ ಇದು ಡಿಸ್ಕಿಗೆ ಜೊತೆ, ಅದರ ಬದಲಿಗಲ್ಲ.

ಈಗ ನನ್ನ ದಾರಿ. ದಿನಕ್ಕೆ ಒಂದು ಆಲ್ಬಂ, ಫೋನ್ ಬೇರೆ ಕೋಣೆಯಲ್ಲಿ, ಹಾಡು ಹಾರಿಸುವ ಹಾಗಿಲ್ಲ. ಹಾರಿಸೋಣ ಅಂತ ಕೈ ಎರಡು ಸಲ ರಿಮೋಟ್ ಕಡೆ ಹೋದರೆ ತೀರ್ಪು ಬಂದ ಹಾಗೆ. ಎಲ್‌ಪಿಯಲ್ಲಿ ಪರೀಕ್ಷೆ ಇನ್ನೂ ಸಲೀಸು: ಒಂದು ಬದಿ ಇಪ್ಪತ್ತು ನಿಮಿಷದ ಆಸುಪಾಸಿಗೆ ಮುಗಿಯುತ್ತದೆ. ಎದ್ದು ಮಗುಚಿ ಹಾಕೋಕೆ ಮನಸ್ಸು ಬಂತಾ, ಇಲ್ವಾ? ಸೋಮಾರಿತನ ಸುಳ್ಳು ಹೇಳಲ್ಲ. ಸಿಡಿಯಲ್ಲಿ 74 ನಿಮಿಷ ಜಾಗ ಇದೆ ಅಂತ ಹದಿನಾರು ಹಾಡು ತುಂಬಿದ ಆಲ್ಬಮ್‌ಗಳು ಇಲ್ಲಿ ಸಾಲಾಗಿ ಬಿದ್ದವು. ಬೇರೆ ಬೇರೆ ಆಲ್ಬಮ್‌ಗಳಿಂದ ಆರಿಸಿದ ಹಿಟ್ ಹಾಡುಗಳ ಸಿಡಿಗಳನ್ನು ಕೇಳದೆಯೇ ಕಳಿಸಿದೆ, ಅದೊಂದೇ ರಿಯಾಯಿತಿ. ಅನುಮಾನ ಬಂದದ್ದಕ್ಕೆ ಒಂದು ಡಬ್ಬ, ಮೇಲೆ ತಾರೀಕು. ಆರು ತಿಂಗಳಲ್ಲಿ ಹುಡುಕಿಕೊಂಡು ಹೋದರೆ ಅದು ವಾಪಸ್ ಕಪಾಟಿಗೆ.

ವರ್ಷದ ಮೇಲೆ ಹಿಡಿಯಿತು. ಉಳಿದದ್ದು ನೂರಾ ಎಪ್ಪತ್ತು. ಈ ದಾರಿಯಲ್ಲಿ ಕೊಟ್ಟಿದ್ದಕ್ಕೆ ಬೇಜಾರಾದದ್ದು ಒಂದೇ ಒಂದು, ಅದೂ ಹಾಡಿಗಲ್ಲ, ಒಳಗಿದ್ದ ಪುಸ್ತಿಕೆಗೆ.

ಕೆಲಸ ಮಾಡುತ್ತಾ ಹಿಂದೆ ಏನೋ ಕೇಳಿಸುತ್ತಿರಲಿ ಅನ್ನುವವರಾದರೆ ಇಷ್ಟೆಲ್ಲ ಯಾಕೆ, ಎರಡನೇ ದಾರಿಯೇ ಸಾಕು. ನನಗೆ ಕತ್ತಲಲ್ಲಿ ಸುಮ್ಮನೆ ಕೂತು ಕೇಳುವ ಚಾಳಿ, ಪ್ರತಿ ತಿಂಗಳು ದುಡ್ಡು ಕಟ್ಟುತ್ತಲೇ ಇರಬೇಕು ಅಂದರೆ ಕಿರಿಕಿರಿ. ಒಮ್ಮೆ ಕೊಟ್ಟು ಮುಗಿಸುವ ಹಳೆಯ ಡಿಸ್ಕೇ ನನ್ನ ಜೇಬಿಗೆ ಸರಿ.

ತಪ್ಪಿ ಬಂದ ಆ ರಿಮಾಸ್ಟರ್ ಸಿಡಿಯನ್ನು ಮಾತ್ರ ಕೊಡಲಿಲ್ಲ, ಕಾರಿನಲ್ಲಿ ಇಟ್ಟಿದ್ದೇನೆ. ಅಲ್ಲಿ ಅದೇ ವಾಸಿ. ಇಂಜಿನ್ ಸದ್ದಿನಲ್ಲಿ ಹಳೆಯದರ ಮೊದಲ ಒಂದೂವರೆ ನಿಮಿಷ ಕೇಳಿಸುವುದೇ ಇಲ್ಲ.