ಹಳೇ ಫಿಯಾಟಿಗೆ ಯಾವ ಬಣ್ಣ? ಡ್ಯೂಕೊ, ಪಿಯು ಮತ್ತು ರೆಕ್ಸಿನ್ ಪಂಚಾಯ್ತಿ

ಹಳೇ ಕಾರು ಸರಿ ಮಾಡಿಸಲು ಹೊರಟವರೆಲ್ಲ ಮೊದಲು ಪೇಂಟ್ ಅಂಗಡಿಗೆ ಹೋಗುತ್ತಾರೆ. ನನ್ನ ಮಾತು ಕೇಳುವುದಾದರೆ ಮೊದಲು ಸೀಟ್ ಅಂಗಡಿಗೆ ಹೋಗಿ. ಪೇಂಟನ್ನು ಯಾವ ಶೇಡಿಗೆ ಬೇಕಾದರೂ ಮಿಕ್ಸ್ ಮಾಡಿಸಬಹುದು. ಸೀಟಿಗೆ ಹೊದಿಸುವ ರೆಕ್ಸಿನ್ ಹಾಗಲ್ಲ. ಅಂಗಡಿಯಲ್ಲಿ ಯಾವ ಬಣ್ಣದ ರೋಲ್ ಇದೆಯೋ ಅದರಲ್ಲೇ ಒಂದನ್ನು ಆರಿಸಬೇಕು. ಐವತ್ತು ವರ್ಷದ ಹಿಂದಿನ ಬಣ್ಣಕ್ಕೆ ಹತ್ತಿರದ ರೋಲ್ ಸಿಗುವುದೇ ಕಷ್ಟ. ಅದು ಸಿಕ್ಕ ಮೇಲೆ ಕಾರಿನ ಮೈಬಣ್ಣವನ್ನು ಅದರ ಪಕ್ಕ ಇಟ್ಟು ತಿದ್ದಬಹುದು. ಉಲ್ಟಾ ಮಾಡಿದರೆ ಹೊರಗಡೆ ಎಲ್ಲ ಸರಿ ಇರುತ್ತದೆ, ಬಾಗಿಲು ತೆಗೆದರೆ ಇನ್ಯಾವುದೋ ಕಾರು.

ನನ್ನದು 1973ರ ಪ್ರೀಮಿಯರ್ ಪ್ರೆಸಿಡೆಂಟ್. ಫಿಯಾಟ್ 1100 ಡಿಲೈಟ್ ಅನ್ನುತ್ತಿದ್ದ ಕಾರು 1972ರಲ್ಲಿ ಪ್ರೆಸಿಡೆಂಟ್ ಆಯಿತು, 1974ರಲ್ಲಿ ಪದ್ಮಿನಿ ಆಯಿತು. ಅದೇ 1089 ಸಿಸಿ ಇಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟ ವರ್ಷದ ಗಾಡಿ, ನಂಬರ್ ಪ್ಲೇಟಿನಲ್ಲಿ ಇನ್ನೂ ಮೈಸೂರು ರಾಜ್ಯದ ಎಂವೈ. ಮಂಡ್ಯದಲ್ಲಿ ಸೋದರಮಾವನ ಮನೆಯ ಕೊಟ್ಟಿಗೆಯಲ್ಲಿ ನಿಂತಿತ್ತು. ಮೇಲೆ ಕಾಣುತ್ತಿದ್ದದ್ದು ಕಡು ನೀಲಿ. ಅದು ಮೂಲ ಬಣ್ಣ ಅಲ್ಲ ಅನ್ನುವುದು ಬಾಗಿಲಿನ ಅಂಚಿನ ಪಟ್ಟಿ, ಅಂದರೆ ಬೀಡಿಂಗ್ ಎತ್ತಿದ ಕೂಡಲೇ ಗೊತ್ತಾಯಿತು.

ಮೂಲ ಬಣ್ಣ ಹುಡುಕುವುದಕ್ಕೆ ಬಿಸಿಲು ಬೀಳದ ಜಾಗ ಬೇಕು. ಬಾನೆಟ್, ರೂಫ್ ನೋಡಿ ಪ್ರಯೋಜನವಿಲ್ಲ. ಅಲ್ಲಿ ಬಣ್ಣ ಸುಟ್ಟು ಪೌಡರ್ ಆಗಿರುತ್ತದೆ. ಡ್ಯಾಶ್‌ಬೋರ್ಡ್ ಒಳಮೈ, ಡೋರ್ ಪ್ಯಾಡ್ ಹಿಂದಿನ ತಗಡು, ಹಿಂದಿನ ಸೀಟಿನ ಕೆಳಗೆ, ಡಿಕ್ಕಿಯ ಮೂಲೆ: ಇವು ಒಳ್ಳೇ ಜಾಗ. ಒಂದು ಕಡೆ 1500, ಆಮೇಲೆ 2000 ನಂಬರ್ ವಾಟರ್ ಪೇಪರಿನಲ್ಲಿ ನೀರು ಹಾಕಿ ನಿಧಾನವಾಗಿ ಉಜ್ಜಿದರೆ ಒಂದೊಂದೇ ಪದರ ಉಂಗುರದ ಹಾಗೆ ಬಿಚ್ಚಿಕೊಳ್ಳುತ್ತದೆ. ನನ್ನ ಕಾರಿನಲ್ಲಿ ನೀಲಿ ಕೆಳಗೆ ಬಿಳಿ, ಅದರ ಕೆಳಗೆ ಪ್ರೈಮರ್, ಪುಟ್ಟಿ, ಎಲ್ಲಕ್ಕಿಂತ ಕೆಳಗೆ ಹಸಿರು ಮಿಶ್ರಿತ ತೆಳು ಬೂದು ಬಣ್ಣ. ಹಳೇ ಆರ್‌ಸಿ ಪುಸ್ತಕದಲ್ಲೂ ಗ್ರೇ ಅಂತಲೇ ಇತ್ತು. ಉಜ್ಜಿ ಆದ ಮೇಲೆ ಕಾಂಪೌಂಡ್ (ತಿಕ್ಕಿ ಹೊಳಪು ಬರಿಸುವ ಪೇಸ್ಟ್) ಹಾಕಿ ಹೊಳಪು ಬರಿಸಿಯೇ ಶೇಡ್ ನೋಡಬೇಕು. ಮಂಕಾದ ತಗಡನ್ನು ನೋಡಿ ಮ್ಯಾಚ್ ಮಾಡಿಸಿದರೆ ಯಾವಾಗಲೂ ಒಂದು ಕೈ ಬಿಳುಪು ಜಾಸ್ತಿಯಾಗುತ್ತದೆ.

ಈಗ ಪೇಂಟಿಗೆ ಬರೋಣ. ಎಲ್ಲರೂ ಹೇಳುವುದು ಒಂದೇ: "ಹಳೇ ಗಾಡಿ ಅಲ್ವಾ ಸಾರ್, ಡ್ಯೂಕೊ ಹಾಕ್ಸಿ, ಅದೇ ಒರಿಜಿನಲ್ಲು." ಡ್ಯೂಕೊ ಅಂದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್, ಅಂಗಡಿಯವರ ಬಾಯಲ್ಲಿ ಎನ್‌ಸಿ. ಅಮೆರಿಕದ ಡ್ಯೂಪಾಂಟ್ ಕಂಪನಿ 1923ರಲ್ಲಿ ತಂದ ಪೇಂಟ್ ಇದು. ಅದಕ್ಕೆ ಮೊದಲು ಕಾರಿಗೆ ಹಚ್ಚಿದ ವಾರ್ನಿಶ್ ಒಣಗಲು ವಾರಗಟ್ಟಲೆ ಕಾಯಬೇಕಿತ್ತು. ಎನ್‌ಸಿ ಬಂದ ಮೇಲೆ ಅದು ಗಂಟೆಗಳ ಮಾತಾಯಿತು. ಥಿನ್ನರ್ ಆರಿದರೆ ಸಾಕು, ಪೇಂಟ್ ಒಣಗಿದ ಹಾಗೆ. ಒಣಗಿದ ಮೇಲೂ ಥಿನ್ನರ್ ತಾಗಿದರೆ ಮತ್ತೆ ಕರಗುತ್ತದೆ. ಇದೇ ಗುಣ ಒಂದು ಒಳ್ಳೇ ಪರೀಕ್ಷೆಗೆ ಬರುತ್ತದೆ. ಹತ್ತಿಗೆ ಥಿನ್ನರ್ ಅದ್ದಿ ಪದರದ ಮೇಲೆ ಒರೆಸಿ. ಹತ್ತಿಗೆ ಬಣ್ಣ ಬಂದರೆ ಎನ್‌ಸಿ. ನನ್ನ ಕಾರಿನಲ್ಲಿ ನೀಲಿ ಕರಗಿತು, ಬಿಳಿಯೂ ಕರಗಿತು. ತಳದ ಬೂದು ಬಣ್ಣ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅಂದರೆ ಡ್ಯೂಕೊ ಹಾಕಿದ್ದು ಆಮೇಲಿನ ಗ್ಯಾರೇಜುಗಳೇ ಹೊರತು ಕಾರು ಹುಟ್ಟಿದಾಗಿನ ಬಣ್ಣ ಅದಲ್ಲ. ಡ್ಯೂಕೊ ಒಂದೇ ಶುದ್ಧ ಅನ್ನುವ ವಾದ ಈ ಕಾರಿನ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ಆದರೂ ಹೋಲಿಸಿಯೇ ನೋಡೋಣ ಅಂತ ಗುಜರಿಯಿಂದ ಒಂದು ನಗ್ಗಿದ ಡಿಕ್ಕಿ ಮುಚ್ಚಳ ತಂದು ಮೂರು ತುಂಡು ಮಾಡಿಸಿದೆ. ಮೂರಕ್ಕೂ ಒಂದೇ ಪ್ರೈಮರ್, ಒಂದೇ ಬೂದು ಶೇಡ್. ಒಂದಕ್ಕೆ ಎನ್‌ಸಿ. ಎರಡನೆಯದಕ್ಕೆ ಹಾರ್ಡ್‌ನರ್ ಬೆರೆಸಿ ಹೊಡೆಯುವ ಪಿಯು, ಅಂದರೆ ಪಾಲಿಯುರೆಥೇನ್ ಪೇಂಟ್, ಮೇಲೆ ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಪದರ) ಇಲ್ಲದ್ದು. ಮೂರನೆಯದಕ್ಕೆ ಈಗಿನ ಕಾರುಗಳ ಹಾಗೆ ಬಣ್ಣದ ಬೇಸ್ ಕೋಟ್, ಮೇಲೆ ಕ್ಲಿಯರ್ ಕೋಟ್. ಮೂರನ್ನೂ ತಾರಸಿಯ ಮೇಲೆ ಒರಗಿಸಿ ಬಿಸಿಲು ಮಳೆ ಎರಡೂ ಕಾಣಿಸಿದೆ.

ನೋಡುವುದಕ್ಕೆ ಗೆದ್ದದ್ದು ಎನ್‌ಸಿ. ಇದನ್ನು ಒಪ್ಪಲೇಬೇಕು. ತೆಳು ಪದರ ಒಂದರ ಮೇಲೊಂದು ಹೊಡೆದು, ಮಧ್ಯೆ ಮಧ್ಯೆ ಉಜ್ಜಿ, ಕೊನೆಗೆ ಕೈಯಲ್ಲಿ ಕಾಂಪೌಂಡ್ ಹಾಕಿ ತಿಕ್ಕಿದಾಗ ಬರುವ ಹೊಳಪು ಮೃದು. ಬೆಳಕು ಬಣ್ಣದ ಮೈಯಿಂದಲೇ ಬಂದ ಹಾಗಿರುತ್ತದೆ. ಗೀರು ಬಿದ್ದರೆ ಅಷ್ಟು ಜಾಗಕ್ಕೆ ಮಾತ್ರ ಹೊಡೆದು ಸೇರಿಸಬಹುದು, ಹೊಸ ಪದರ ಹಳೆಯದನ್ನು ಸ್ವಲ್ಪ ಕರಗಿಸಿಕೊಂಡು ಬೆರೆತು ಹೋಗುತ್ತದೆ. ತೊಂದರೆ ಬೇರೆ ಕಡೆ ಇದೆ. ಮಳೆಗಾಲದಲ್ಲಿ ಹೊಡೆದರೆ ಥಿನ್ನರ್ ಬೇಗ ಆರಿ ತಗಡು ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಕೂತು ಬಣ್ಣದ ಮೇಲೆ ಬಿಳಿ ಮಬ್ಬು ಬರುತ್ತದೆ. ನಿಧಾನವಾಗಿ ಆರುವ ಥಿನ್ನರ್ ಬೆರೆಸಿದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಪೆಟ್ರೋಲ್ ಚೆಲ್ಲಿದರಂತೂ ಕಲೆ ಗ್ಯಾರಂಟಿ.

ಇನ್ನೊಂದು ಪರೀಕ್ಷೆ ನಮ್ಮ ಊರಿನದ್ದು: ಆಯುಧಪೂಜೆ. ಮೈಸೂರಿನಲ್ಲಿ ಕಾರು ಇಟ್ಟುಕೊಂಡು ಬಾನೆಟ್ ಮೇಲೆ ಅರಿಶಿನ ಕುಂಕುಮ ಬೀಳಬಾರದು ಅಂದರೆ ಆಗುತ್ತದೆಯೇ? ಅದೂ ಓಟಿನ ಶಾಯಿ ತಯಾರಿಸುವ ಊರು ನಮ್ಮದು, 1937ರಲ್ಲಿ ಶುರುವಾದ ಕಾರ್ಖಾನೆ. ಇಲ್ಲಿ ಕಲೆಯ ಪರೀಕ್ಷೆ ಬಿಡುವ ಹಾಗಿಲ್ಲ. ಕುಂಕುಮ ಕಲಸಿ ಮೂರೂ ತುಂಡಿನ ಮೇಲೆ ಬೊಟ್ಟಿಟ್ಟು ರಾತ್ರಿಯೆಲ್ಲ ಬಿಟ್ಟೆ. ಎನ್‌ಸಿ ಮೇಲೆ ತೆಳು ಗುಲಾಬಿ ಕಲೆ ಕೂತುಬಿಟ್ಟಿತು, ಕಾಂಪೌಂಡ್ ಹಾಕಿಯೇ ತೆಗೆಯಬೇಕಾಯಿತು. ಉಳಿದ ಎರಡರಲ್ಲೂ ಒದ್ದೆ ಬಟ್ಟೆಯಲ್ಲಿ ಹೋಯಿತು. ಮನೆಯವರು ಇದೊಂದೇ ಫಲಿತಾಂಶ ಸಾಕು ಅಂದರು.

ಬೇಸ್ ಮತ್ತು ಕ್ಲಿಯರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗಟ್ಟಿ, ಬಾಳಿಕೆ ಚೆನ್ನಾಗಿದೆ, ಪೇಂಟರುಗಳಿಗೆ ಕೈ ಪಳಗಿದೆ. ಆದರೆ 70ರ ದಶಕದ ಫಿಯಾಟಿನ ಮೈಮೇಲೆ ಅದು ಮೊಬೈಲಿಗೆ ಅಂಟಿಸಿದ ಗಾಜಿನ ಹಾಗೆ ಕಾಣುತ್ತದೆ. ಬಣ್ಣ ಕೆಳಗೆ, ಹೊಳಪು ಮೇಲೆ, ಎರಡಕ್ಕೂ ಸಂಬಂಧವಿಲ್ಲ. ಮೆಟಾಲಿಕ್ ಬಣ್ಣಕ್ಕೆ ಕ್ಲಿಯರ್ ಬೇಕು, ಸರಿ. ಸಾದಾ ಬೂದುಗೆ, ಸಾದಾ ಕೆನೆಬಣ್ಣಕ್ಕೆ ಯಾಕೆ?

ಕ್ಲಿಯರ್ ಇಲ್ಲದ ಪಿಯು ನನಗೆ ಹಿಡಿಸಿತು. ಸ್ಪ್ರೇ ಗನ್ನಿನಿಂದ ಬಂದಾಗ ಅದೂ ಸ್ವಲ್ಪ ಅತಿಯಾಗಿಯೇ ಹೊಳೆಯುತ್ತದೆ. ಪೂರ್ತಿ ಒಣಗಲು ಬಿಟ್ಟು, 2000 ನಂಬರ್ ಪೇಪರಿನಲ್ಲಿ ಹದವಾಗಿ ಉಜ್ಜಿ, ಕಾಂಪೌಂಡ್ ಹಾಕಿಸಿದರೆ ಎನ್‌ಸಿಗೆ ತೀರಾ ಹತ್ತಿರ ಬರುತ್ತದೆ. ಪಕ್ಕಪಕ್ಕದಲ್ಲಿ ಇಟ್ಟಾಗ ನಾನು ವ್ಯತ್ಯಾಸ ಹೇಳಬಲ್ಲೆ, ಕಾರು ಒಂದೇ ನಿಂತಿದ್ದರೆ ಹೇಳಲಾರೆ. ಎರಡು ಎಚ್ಚರಿಕೆ ಮಾತ್ರ ಇವೆ. ಒಂದು, ಕೆಳಗೆ ಎನ್‌ಸಿ ಪದರ ಬಿಟ್ಟು ಮೇಲೆ ಪಿಯು ಹೊಡೆಯಬೇಡಿ. ಪಿಯು ಥಿನ್ನರಿಗೆ ಹಳೇ ಪದರ ಎದ್ದು ಸುಕ್ಕಾಗುತ್ತದೆ. ತಗಡಿನವರೆಗೂ ತೆಗೆಸಿ. ಎರಡನೆಯದು ಪೇಂಟರಿನ ಆರೋಗ್ಯದ ಮಾತು. ಹಾರ್ಡ್‌ನರಿನಲ್ಲಿ ಐಸೋಸಯನೇಟ್ ಇರುತ್ತದೆ. ಆ ಮಂಜು ಉಸಿರಿಗೆ ಹೋದರೆ ಅಸ್ತಮಾ ಬರಬಹುದು. ಮೂಗಿಗೆ ಟವೆಲ್ ಕಟ್ಟಿಕೊಂಡು ಹೊಡೆಯುವ ಪೇಂಟ್ ಇದಲ್ಲ. ಹೊರಗಿನ ಗಾಳಿ ಪೈಪಿನಲ್ಲಿ ಬರುವ ಮಾಸ್ಕ್ ಇರುವ ಬೂತಿನಲ್ಲೇ (ಪೇಂಟ್ ಹೊಡೆಯುವ ಮುಚ್ಚಿದ ಕೋಣೆ) ಮಾಡಿಸಿ, ನಾಲ್ಕು ಕಾಸು ಜಾಸ್ತಿಯಾದರೂ ಪರವಾಗಿಲ್ಲ.

ಬೂತ್ ಬೇಕು ಅನ್ನುವುದಕ್ಕೆ ಮಂಡ್ಯ ಕಡೆಯವರಿಗೆ ಇನ್ನೊಂದು ಕಾರಣವೂ ಇದೆ. ಕಬ್ಬಿನ ಸೋಗೆ ಸುಡುವ ಕಾಲದಲ್ಲಿ ಬಯಲಲ್ಲಿ ಪೇಂಟ್ ಹೊಡೆದರೆ ಕಪ್ಪು ಬೂದಿಯ ಎಸಳು ಹಾರಿ ಬಂದು ಹಸಿ ಬಣ್ಣದ ಮೇಲೆ ಕೂರುತ್ತದೆ. ಎನ್‌ಸಿ ಬೇಗ ಆರುವುದರಿಂದ ಸ್ವಲ್ಪ ಬಚಾವ್. ಪಿಯು ಗಂಟೆಗಟ್ಟಲೆ ಅಂಟಂಟಾಗಿ ಇರುತ್ತದೆ, ಬಂದದ್ದನ್ನೆಲ್ಲ ಹಿಡಿದುಕೊಳ್ಳುತ್ತದೆ.

ಬಣ್ಣದ ಆಯ್ಕೆಯಲ್ಲಿ ನನ್ನ ಮುಂದೆ ಮೂರು ಇದ್ದವು: ತಳದಲ್ಲಿ ಸಿಕ್ಕ ಬೂದು, ಎಲ್ಲರೂ ಇಷ್ಟಪಡುವ ಕೆನೆಬಣ್ಣ, ಕೆಳಗೆ ಮೆರೂನ್ ಮೇಲೆ ಕೆನೆ ಇರುವ ಎರಡು ಬಣ್ಣ. ಮೂರನೆಯದು ಮದುವೆಗೆ ಬಾಡಿಗೆ ಬಿಡುವವರಿಗೆ ಚೆನ್ನ, ಫೋಟೋದಲ್ಲಿ ಮೆರೆಯುತ್ತದೆ. ಆದರೆ ಕಡು ಕೆಂಪು ಬಣ್ಣ ಬಿಸಿಲಿಗೆ ಬೇಗ ಸೋಲುತ್ತದೆ, ಧೂಳಿನ ಗೀರೂ ಎದ್ದು ಕಾಣುತ್ತದೆ. ಕೆನೆಬಣ್ಣಕ್ಕೆ ತಪ್ಪು ಹೇಳುವ ಹಾಗಿಲ್ಲ, ಸುಮ್ನೆ ಎಲ್ಲ ಕಡೆ ಅದೇ ಇದೆ. ಶ್ರೀರಂಗಪಟ್ಟಣದ ಹತ್ತಿರ ಹೆದ್ದಾರಿ ಬದಿಯ ಪಯಣ ಮ್ಯೂಸಿಯಂಗೆ ಹೋಗಿ ಸಾಲಾಗಿ ನಿಂತ ಕಾರುಗಳನ್ನು ನೋಡಿದರೆ ಒಂದು ವಿಷಯ ಹೊಳೆಯುತ್ತದೆ. ದುಂಡು ಮೈಯ ಕಾರುಗಳು ಎರಡು ಬಣ್ಣವನ್ನು ತಡೆದುಕೊಳ್ಳುತ್ತವೆ. ಫಿಯಾಟ್ ಹಾಗೆ ಗೆರೆ ಗೆರೆಯಾಗಿ ಇರುವ ಚಿಕ್ಕ ಕಾರಿಗೆ ಒಂದೇ ಮಂಕು ಬಣ್ಣ, ಪಕ್ಕದಲ್ಲಿ ಕ್ರೋಮ್ ಪಟ್ಟಿ, ಇಷ್ಟಿದ್ದರೆ ಅಂದ.

ಇನ್ನು ಒಳಗೆ. ಹಿಂದಿನ ಸೀಟಿನ ಕೆಳಗೆ ರೆಕ್ಸಿನ್ ಮಡಚಿ ಸ್ಪ್ರಿಂಗಿಗೆ ಕಟ್ಟಿದ ಜಾಗದಲ್ಲಿ ಹಳೇ ಬಣ್ಣ ಹಾಗೇ ಉಳಿದಿತ್ತು: ಇಟ್ಟಿಗೆ ಕೆಂಪು, ಅಂಚಿಗೆ ಮಾಸಲು ಬಿಳಿ ಪೈಪಿಂಗ್. ಇದರ ಎದುರಾಳಿಗಳು ಎರಡು. ಮೈಸೂರಿನ ಸೀಟ್ ಅಂಗಡಿಗಳಲ್ಲಿ ಎಲ್ಲರೂ ಮೊದಲು ತೋರಿಸುವುದು ಬಿಸ್ಕತ್ ಬಣ್ಣದ ಮೆತ್ತನೆ ಲೆದರೆಟ್ (ಕೃತಕ ಚರ್ಮ), ಡೈಮಂಡ್ ಹೊಲಿಗೆ. "ಇದು ಈಗ ಓಡ್ತಾ ಇರೋದು ಸಾರ್" ಅಂದರು ಅಂಗಡಿಯವರು. ಓಡಲಿ, ಆದರೆ ನನ್ನ ಕಾರಿನಲ್ಲಿ ಬೇಡ ಅಣ್ಣ ಅಂದೆ. ಕೂರಲು ನಿಜಕ್ಕೂ ಸುಖ. ಬಿಸಿಲಲ್ಲಿ ನಿಲ್ಲಿಸಿದರೂ ತೊಡೆ ಸುಡುವುದಿಲ್ಲ. ಆದರೆ ಆ ಡೈಮಂಡ್ ಹೊಲಿಗೆ ಕಂಡ ಕೂಡಲೇ ಕಾರಿಗೆ ನಲವತ್ತು ವರ್ಷ ಕಡಿಮೆಯಾಗುತ್ತದೆ. ಎರಡನೆಯದು ಮಿರಮಿರ ಮಿಂಚುವ ಮೆರೂನ್ ರೆಕ್ಸಿನ್. ಬಣ್ಣ ಪರವಾಗಿಲ್ಲ, ಹೊಳಪು ಜಾಸ್ತಿ, ಮೈಮೇಲಿನ ಚರ್ಮದ ಗೆರೆ ತೀರಾ ದಪ್ಪ. ಹಳೆಯದರ ಗೆರೆ ಸಣ್ಣದು.

ಮೊದಮೊದಲು ಬರುತ್ತಿದ್ದ ರೆಕ್ಸಿನ್ ಅಂದರೆ ಬಟ್ಟೆಯ ಮೇಲೆ ಅದೇ ನೈಟ್ರೋಸೆಲ್ಯುಲೋಸ್ ಲೇಪ. ಹೊರಗೆ ಡ್ಯೂಕೊ, ಒಳಗೆ ಅದರ ನೆಂಟ. ಈಗ ಆ ಹೆಸರಿನಲ್ಲಿ ಸಿಗುವುದು ಪಿವಿಸಿ. ಇಟ್ಟಿಗೆ ಕೆಂಪು ಸಣ್ಣ ಗೆರೆಯದ್ದು ಕೊನೆಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು. ಮೂಲಕ್ಕಿಂತ ಒಂದು ಎಳೆ ಕಂದು ಕಡೆಗೆ ಇದೆ. ಹೊಲಿಗೆ ಉದ್ದುದ್ದ ಪಟ್ಟಿ, ದಾರ ರೆಕ್ಸಿನ್ ಬಣ್ಣದ್ದೇ. ಬಿಳಿ ದಾರ ಎದ್ದು ಕಾಣುವ ಹಾಗೆ ಹೊಲಿಯುವುದು ಈಗಿನ ಫ್ಯಾಶನ್ನು, ಮೊದಲೇ ಬೇಡ ಅಂತ ಹೇಳಿಡಿ. ಸ್ಪ್ರಿಂಗ್ ಮೇಲಿನ ತೆಂಗಿನ ನಾರು ಪುಡಿಯಾಗಿತ್ತು. ಅದರ ಬದಲು ಫೋಮ್ ಹಾಕಿಸಿದೆ. ಕಾಣದ ಕಡೆ ನಾನು ಶುದ್ಧಾಚಾರಿ ಅಲ್ಲ. ಆದರೆ ಫೋಮ್ ದಪ್ಪವಾದರೆ ಸೀಟ್ ಉಬ್ಬಿ ಸೋಫಾ ಆಗುತ್ತದೆ, ಮುಂದಿನ ಉದ್ದ ಸೀಟಿನ ನೇರ ಗೆರೆ ಹೋಗುತ್ತದೆ. ಹಳೇ ಫೋಟೋ ಇದ್ದರೆ ಸೀಟಿನವರಿಗೆ ತೋರಿಸಿ.

ರೆಕ್ಸಿನ್ ಒಂದು ಎಳೆ ಕಂದಾದ್ದರಿಂದಲೇ ಬೂದು ಶೇಡನ್ನು ಮತ್ತೆ ನೋಡಬೇಕಾಯಿತು. ಮಿಕ್ಸಿಂಗ್ ಅಂಗಡಿಯ ಸ್ಕ್ಯಾನರ್, ಹೊಳಪು ಬರಿಸಿದ ತಗಡು ನೋಡಿ ಒಂದು ಫಾರ್ಮುಲಾ ಕೊಟ್ಟಿತ್ತು. ಟ್ಯೂಬ್‌ಲೈಟ್ ಕೆಳಗೆ ಪಕ್ಕಾ ಮ್ಯಾಚ್. ಬಿಸಿಲಿಗೆ ತಂದರೆ ಹಸಿರು ಮುಂದೆ ಬಂತು. ಬೇರೆ ಬೇರೆ ಪಿಗ್ಮೆಂಟ್ ಸೇರಿ ಆದ ಒಂದೇ ಬಣ್ಣ ಒಂದೊಂದು ಬೆಳಕಿಗೆ ಒಂದೊಂದು ಥರ ಕಾಣುವುದು ಸಹಜ. ಅದಕ್ಕೇ ಶೇಡ್ ಕಾರ್ಡನ್ನೋ ಮೊಬೈಲ್ ಫೋಟೋವನ್ನೋ ನಂಬಬೇಡಿ. ತಗಡಿನ ತುಂಡಿಗೆ ಹೊಡೆಸಿ, ಮೇಲೆ ರೆಕ್ಸಿನ್ ಚೂರು ಇಟ್ಟು, ಬೆಳಗಿನ ಬಿಸಿಲು, ನೆರಳು, ಸಂಜೆಯ ಬೆಳಕು, ಈ ಮೂರರಲ್ಲೂ ನೋಡಿ. ಇಟ್ಟಿಗೆ ಕೆಂಪಿನ ಪಕ್ಕದಲ್ಲಿ ಬೂದು ಇನ್ನೂ ಹಸಿರಾಗಿ ಕಾಣುತ್ತದೆ. ಹಾಗಾಗಿ ಪೇಂಟ್ ಮೇಸ್ತ್ರಿ ಕಣ್ಣಂದಾಜಿನಲ್ಲಿ ಹಸಿರು ತುಸು ಇಳಿಸಿದರು. ಸ್ಕ್ಯಾನರಿಗಿಂತ ಅವರ ಕಣ್ಣು ವಾಸಿ ಅಂತ ನನ್ನ ಲೆಕ್ಕ.

ಕಾಗದದ ಮಾತು ಸ್ವಲ್ಪ. ಆರ್‌ಸಿಯಲ್ಲಿ ಇರುವ ಬಣ್ಣ ಬಿಟ್ಟು ಬೇರೆ ಬಣ್ಣ ಹೊಡೆಸಿದರೆ ಆರ್‌ಟಿಒದಲ್ಲಿ ಅದನ್ನು ಬರೆಸಬೇಕು. ಮೂಲ ಬಣ್ಣಕ್ಕೆ ಹೋದ ನನಗೆ ಆ ಓಡಾಟ ಇರಲಿಲ್ಲ. 2021ರಲ್ಲಿ ಬಂದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಸ್ವಂತ ಬಳಕೆಯ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು, ನಂಬರಿನಲ್ಲಿ ವಿಎ ಅಂತ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ ಲೆಕ್ಕ. ಆದರೆ ಆಮೇಲೆ ದಿನಾ ಓಡಿಸುವ ಹಾಗಿಲ್ಲ. ನನಗೆ ಭಾನುವಾರ ಕೆಆರ್‌ಎಸ್ ರಸ್ತೆಯಲ್ಲಿ ಹೋಗಿಬರುವ ಆಸೆ ಇರುವುದರಿಂದ ಸದ್ಯಕ್ಕೆ ಬೇಡ ಅಂದುಕೊಂಡಿದ್ದೇನೆ.

ನನ್ನ ಆಯ್ಕೆ ಇಷ್ಟು: ಕ್ಲಿಯರ್ ಇಲ್ಲದ ಪಿಯು, ತಳದ ಬೂದು, ಇಟ್ಟಿಗೆ ಕೆಂಪು ರೆಕ್ಸಿನ್. ಮನೆಯಲ್ಲೇ ನಿಲ್ಲುವ, ಶೋಗೆ ಮಾತ್ರ ಹೋಗುವ ಕಾರಾದರೆ, ತಾಳ್ಮೆಯ ಪೇಂಟರ್ ಸಿಕ್ಕರೆ, ಎನ್‌ಸಿ ಹಾಕಿಸಿ. ಬಿಸಿಲು ಮಳೆಗೆ ಓಡುವ ಕಾರಿಗೆ ಬೇಡ. ಇನ್ನು ನಿಮ್ಮ ಕಾರಿನಲ್ಲಿ ಮೂಲ ಪೇಂಟ್ ಅರ್ಧಕ್ಕಿಂತ ಜಾಸ್ತಿ ಉಳಿದಿದ್ದರೆ ಈ ಮೂರೂ ಬೇಡ. ಒಂದು ಡಬ್ಬ ಕಾಂಪೌಂಡ್, ಮೆತ್ತನೆ ಬಟ್ಟೆ ತಂದು ಒಂದು ಬಾಗಿಲಿನ ಮೂಲೆಯಲ್ಲಿ ಕೈಯಿಂದಲೇ ತಿಕ್ಕಿ ನೋಡಿ. ಬಣ್ಣಕ್ಕೆ ಮತ್ತೆ ಕಳೆ ಬಂದರೆ ಪೇಂಟರಿಗೆ ಕೊಡುವ ದುಡ್ಡನ್ನು ಟೈರಿಗೆ ಹಾಕಿ.